ಇಬ್ಬರು ಯಮನಪ್ಪಂದಿರನ್ನು ಬೆಸೆದ ಕೊಂಡಿ

ನಾನು ಒಂದು ಕೊಂಡಿ. ಬಾಗಿಲಿಗೋ ಬಂಡಿಗೋ ಹಾಕುವ ಕಬ್ಬಿಣದ ಕೊಂಡಿಯಲ್ಲ. ಕೈಯಲ್ಲಿ ಹಿಡಿಯಲು ಬಾರದ, ತೂಕವಿಲ್ಲದ, ನೆರಳೂ ಬೀಳದ ಕೊಂಡಿ. ಕಂಪ್ಯೂಟರ್ ಬಲ್ಲವರು ನನ್ನನ್ನು ಕನೆಕ್ಟರ್ ಎನ್ನುತ್ತಾರೆ. ಒಂದು ಯಂತ್ರಕ್ಕೆ ಗೊತ್ತಿರುವ ಮನುಷ್ಯರನ್ನು ಇನ್ನೊಂದು ಯಂತ್ರಕ್ಕೆ ಪರಿಚಯ ಮಾಡಿಸುವುದು ನನ್ನ ಕೆಲಸ. ‘ಇವರು ನಮ್ಮವರು, ಬಾಗಿಲು ತೆಗೆ’ ಎನ್ನುತ್ತೇನೆ. ‘ಇವರು ಇನ್ನಿಲ್ಲ, ಮುಚ್ಚು’ ಎನ್ನುತ್ತೇನೆ. ಬದುಕಿನಲ್ಲಿ ನಾನು ಆಡಿದ್ದು ಈ ಎರಡೇ ಮಾತು.

ನನಗೆ ತಾಯಿ ಒಬ್ಬಳಲ್ಲ. ಒಬ್ಬರ ಮುಖ ಒಬ್ಬರು ನೋಡದ ಹಲವರು, ಬೇರೆ ಬೇರೆ ಊರುಗಳಲ್ಲಿ ಕೂತು, ಒಂದೊಂದೇ ಸಾಲು ಬರೆದು ನನ್ನನ್ನು ಮಾಡಿದರು. ಕೊನೆಯ ಸಾಲು ಸೇರಿದ ದಿನ ನನಗೊಂದು ಹೆಸರಿಟ್ಟು, ಹುಟ್ಟಿದ ತಾರೀಖು ಬರೆದು, ಕಟ್ಟಿಟ್ಟರು. ಕೊಂಡವರು ಕರೆಯುವ ತನಕ ನಾನು ಏನೂ ಅಲ್ಲದೆ ಇದ್ದೆ. ಅದು ನಿದ್ದೆಯಲ್ಲ. ನಿದ್ದೆ ಮಾಡಲು ಯಾರಾದರೂ ಇರಬೇಕಲ್ಲ.

ನನ್ನನ್ನು ಎಬ್ಬಿಸಿದ್ದು ಘಟಪ್ರಭೆಯ ದಂಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ. ಅಲ್ಲಿ ಬೇವಿನ ಮರಗಳು ಹಸಿರಾಗಿರಲಿಲ್ಲ, ಬೂದಿಬಣ್ಣ. ನಾಯಿಗಳೂ ಅದೇ ಬಣ್ಣ. ಪಾಳಿ ಮುಗಿಸಿ ಹೊರಬರುವವರ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿ, ಯುವಕರೂ ಮುದುಕರೂ ಒಂದೇ ವಯಸ್ಸಿನವರಂತೆ ಕಾಣುತ್ತಿದ್ದರು. ದೂರದಿಂದ ಯಾರು ಯಾರೆಂದು ಹೇಳುವುದು ಕಷ್ಟವಿತ್ತು. ಇದನ್ನೆಲ್ಲ ನಾನು ಗೇಟಿನ ಕ್ಯಾಮೆರಾದಿಂದ ನೋಡಿದೆ. ಗೇಟಿನ ಯಂತ್ರಕ್ಕೆ ನನ್ನನ್ನು ಕಟ್ಟಿದ ಮೇಲೆ ಅದರ ಕಣ್ಣೂ ಕಿವಿಯೂ ನನಗೆ ಬಂದವು.

ಕಟ್ಟಿದವನು ಫಾಲಾಕ್ಷ. ನನ್ನನ್ನು ಮಾರಿದ ಕಂಪನಿಯ ಕಡೆಯಿಂದ ಬಂದ ಚಿತ್ರದುರ್ಗದ ಹುಡುಗ, ಮಾತು ಬೇಗ, ಕೈ ಇನ್ನೂ ಬೇಗ. ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತವಳು ಕಾರ್ಖಾನೆಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ದಾನೇಶ್ವರಿ ಹೆಬಸೂರ. ಕಿಟಕಿಯಿಲ್ಲದ ಆ ತಣ್ಣನೆಯ ಕೋಣೆಯಲ್ಲಿ ಅವಳು ಯಾವಾಗಲೂ ಸೆರಗು ಹೊದ್ದುಕೊಂಡೇ ಇರುತ್ತಿದ್ದಳು. ಫಾಲಾಕ್ಷ ಮೊದಲು ನನ್ನನ್ನು ಒಂದು ಯಂತ್ರದಲ್ಲಿ ಬಿಚ್ಚಿಟ್ಟ. ಆ ಕಡೆ ಕಚೇರಿಯ ಯಂತ್ರ ಎಲ್ಲಿದೆ, ಈ ಕಡೆ ಗೇಟಿನ ಯಂತ್ರ ಎಲ್ಲಿದೆ ಎಂದು ವಿಳಾಸ ಕೊಟ್ಟ. ಎರಡೂ ಕಡೆಯವರು ನನ್ನನ್ನು ನಂಬುವಂತೆ ಒಂದು ಗುರುತಿನ ಪತ್ರ ಕೊಟ್ಟ, ಒಂದು ಗುಟ್ಟಿನ ಪದ ಕಿವಿಯಲ್ಲಿ ಹೇಳಿದ. ‘ಪರೀಕ್ಷಿಸು’ ಎಂಬ ಗುಂಡಿ ಒತ್ತಿದ. ಮೊದಲ ಸಲ ಆಗಲಿಲ್ಲ. ನಡುವಿನ ಒಂದು ಕದ ಮುಚ್ಚಿತ್ತು. ದಾನೇಶ್ವರಿ ಅದನ್ನು ತೆಗೆಸಿದಳು. ಎರಡನೆಯ ಸಲ ಗೇಟಿನ ಯಂತ್ರ ‘ಯಾರು?’ ಎಂದಿತು. ‘ನಾನು’ ಎಂದೆ. ಅದು ನನ್ನ ಹುಟ್ಟು ಎಂದುಕೊಳ್ಳಿ.

ಆಮೇಲೆ ಒಂದು ಪ್ರಶ್ನೆ ಉಳಿಯಿತು. ಕಚೇರಿ ಹೇಳುವ ಮನುಷ್ಯನೂ ಗೇಟು ಹೇಳುವ ಮನುಷ್ಯನೂ ಒಬ್ಬನೇ ಎಂದು ನಾನು ತಿಳಿಯುವುದು ಹೇಗೆ? ನೌಕರಿಯ ನಂಬರು ಇತ್ತಾದರೂ ಅದನ್ನು ನಂಬುವಂತಿರಲಿಲ್ಲ. ಕಲ್ಲು ಸುಡುವ ಭಟ್ಟಿಯೂ ಚೀಲ ತುಂಬುವ ಪ್ಯಾಕಿಂಗೂ ಮೊದಲು ಬೇರೆ ಬೇರೆ ಕಂಪನಿಗಳಾಗಿದ್ದವು. ಎರಡೂ ಕಡೆ ಒಂದರಿಂದಲೇ ನಂಬರು ಕೊಟ್ಟಿದ್ದರು.

“ಮೇಡಂ, ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಹುಟ್ಟಿದ ತಾರೀಖು. ಇಷ್ಟೂ ಒಂದೇ ಆದ್ರೆ ಒಬ್ಬನೇ ಮನುಷ್ಯ ಅಂತ ಹಾಕ್ಬಿಡ್ಲಾ?” ಎಂದ ಫಾಲಾಕ್ಷ.

“ಹಾಕ್ರಿ. ಇಷ್ಟೂ ಕೂಡಿದ ಇಬ್ಬರು ಎಲ್ಲಿ ಸಿಗತಾರ?” ಎಂದಳು ದಾನೇಶ್ವರಿ.

ಆ ಸೀಮೆಯ ಸಾಲೆಗಳಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳನ್ನು ತಂದು ನಿಲ್ಲಿಸಿದರೆ ಮಾಸ್ತರರು ಜೂನ್ ಒಂದು ಎಂದು ಬರೆದುಕೊಳ್ಳುವುದು ವಾಡಿಕೆ. ದಾನೇಶ್ವರಿಯ ಸ್ವಂತ ಅಪ್ಪ ಹುಟ್ಟಿದ್ದೂ ಕಾಗದದ ಮೇಲೆ ಜೂನ್ ಒಂದಕ್ಕೇ. ಅದು ಆ ಹೊತ್ತಿನಲ್ಲಿ ಅವಳಿಗೆ ನೆನಪಾಗಲಿಲ್ಲ. ಫಾಲಾಕ್ಷನಿಗೆ ಸಂಜೆಯ ಬಸ್ಸು ಹಿಡಿಯುವುದಿತ್ತು.

ಅಂದು ನಾನು ಕಾರ್ಖಾನೆಯ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಮುಟ್ಟುತ್ತ ಹೋದೆ. ಹಾಗೆ ಹೋಗುವಾಗ ಭಟ್ಟಿಯಲ್ಲಿ ದುಡಿಯುವ ಯಮನಪ್ಪ ಭೀಮಪ್ಪ ವಾಲೀಕಾರ ಸಿಕ್ಕ. ಸ್ವಲ್ಪ ಆಚೆ ಪ್ಯಾಕಿಂಗಿನಲ್ಲಿ ದುಡಿಯುವ ಯಮನಪ್ಪ ಭೀಮಪ್ಪ ವಾಲೀಕಾರ ಸಿಕ್ಕ. ಇಬ್ಬರೂ ಜೂನ್ ಒಂದರಂದು, ಒಂದೇ ವರ್ಷ ಹುಟ್ಟಿದವರು. ನಾನು ನಿಯಮ ನೋಡಿದೆ. ಇಬ್ಬರನ್ನೂ ಒಬ್ಬನನ್ನಾಗಿ ಬೆಸೆದೆ. ನನಗೆ ಅದು ಬಲು ಸರಾಗವಾದ ಕೆಲಸ. ಎರಡು ಹನಿ ನೀರು ಸೇರಿದ ಹಾಗೆ.

ಅವರಿಬ್ಬರೂ ಬಂಧುಗಳಲ್ಲ, ಪರಿಚಯವೂ ಇರಲಿಲ್ಲ. ಭಟ್ಟಿಯವನು ಕಾರ್ಖಾನೆಯ ಕಾಲೊನಿಯಲ್ಲಿದ್ದ, ಕಾಲೊನಿಯ ಬಸ್ಸಿನಲ್ಲಿ ಹಿಂದಿನ ಗೇಟಿಗೆ ಬರುತ್ತಿದ್ದ. ಪ್ಯಾಕಿಂಗಿನವನು ಹೊಳೆಯಾಚೆಯ ಹಳ್ಳಿಯವನು, ದೊಡ್ಡ ಗೇಟಿನಿಂದ ಬರುತ್ತಿದ್ದ. ನಾನು ಹೇಳುತ್ತಿರುವುದು ಹೆಚ್ಚಾಗಿ ಈ ಎರಡನೆಯವನ ಕಥೆ. ತೆಳ್ಳನೆಯ ಮನುಷ್ಯ, ಮೆಲುಮಾತು. ಗೇಟಿನ ಬೆರಳಚ್ಚಿನ ಗಾಜಿನ ಮೇಲೆ ಹೆಬ್ಬೆಟ್ಟು ಇಡುವ ಮೊದಲು ಅದನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ, ದೇವರ ಮುಂದೆ ಕೈ ತೊಳೆದುಕೊಳ್ಳುವವನಂತೆ.

ಮೊದಲ ವಿಚಿತ್ರವನ್ನು ಗೇಟಿನ ಕಾವಲುಗಾರ ಇಮಾಮಸಾಬ ಕಂಡ. ಒಂದು ಬೆಳಿಗ್ಗೆ ಯಮನಪ್ಪ ಹೆಬ್ಬೆಟ್ಟು ಇಟ್ಟಾಗ ಪರದೆ ಕೆಂಪಗಾಯಿತು.

“ಯಮನಪ್ಪ, ನೀ ಆಗ್ಲೇ ಒಳಗ ಹೋಗೀಯಂತ ತೋರಸಾಕತ್ತೈತಲ್ಲೋ.”

“ನಾ ಈಗ ಬಂದೀನಲ್ಲಪಾ ಇಮಾಮಣ್ಣ.”

“ಹಂಗಾರ ಒಳಗ ಇರಾಂವ ಯಾರು?”

ಇಮಾಮಸಾಬ ನಕ್ಕ, ಕೈಯಿಂದಲೇ ಅಡ್ಡಗಂಬಿ ಎತ್ತಿ ಬಿಟ್ಟ. ಯಮನಪ್ಪನೂ ನಕ್ಕ. ಆದರೆ ಒಳಗೆ ಹೋಗುವಾಗ ಒಮ್ಮೆ ತಿರುಗಿ ನೋಡಿದ.

ಆಮೇಲೆ ಹಳೆಯ ಕಾರ್ಡು ಸವೆದು ಹೊಸದು ಕೊಟ್ಟಾಗ ಅದರ ಮೇಲೆ ಬೇರೆ ಮುಖವಿತ್ತು. ಅಗಲ ಹಣೆ, ದಪ್ಪ ಮೀಸೆ, ಒಂದು ಹುಬ್ಬಿನ ಮೇಲೆ ಗಾಯದ ಗೆರೆ. ಹೆಸರು ಇವನದೇ, ಅಪ್ಪನ ಹೆಸರು ಇವನದೇ. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಿಂತರೆ ‘ಊಟ ಆಗಿದೆ’ ಎಂದು ಬರುತ್ತಿತ್ತು. ದವಾಖಾನೆಯವರು ಇವನಿಗಿಲ್ಲದ ಸಕ್ಕರೆ ರೋಗಕ್ಕೆ ಗುಳಿಗೆ ತೆಗೆದಿಟ್ಟು ಕರೆಯುತ್ತಿದ್ದರು. ದೂರು ಕೊಟ್ಟಾಗಲೆಲ್ಲ ‘ಮಷಿನ್ ಕೆಟ್ಟೈತಿ’ ಎನ್ನುವುದು ಎಲ್ಲರಿಗೂ ಸುಲಭದ ಉತ್ತರವಾಗಿತ್ತು.

ಒಂದು ದಿನ ಪಾಳಿ ಬದಲಾಗುವ ಹೊತ್ತಿಗೆ ಹಳ್ಳಿಯ ಬಸ್ಸೂ ಹಾದುಹೋಗುತ್ತಿದ್ದ ಕಾಲೊನಿಯ ಬಸ್ಸೂ ದೊಡ್ಡ ಗೇಟಿನ ಮುಂದೆ ಅಕ್ಕಪಕ್ಕ ನಿಂತವು. ಯಮನಪ್ಪ ತನ್ನ ಬಸ್ಸಿನ ಕಿಟಕಿಯಿಂದ ಆಚೆ ನೋಡಿದ. ಎದುರಿನ ಕಿಟಕಿಯಲ್ಲಿ ಕಾರ್ಡಿನ ಮೇಲಿನ ಮುಖ ಇತ್ತು. ಆ ಮುಖವೂ ಇವನನ್ನೇ ನೋಡುತ್ತಿತ್ತು. ಅವನ ಕಾರ್ಡಿನ ಮೇಲೆ ಇವನ ಫೋಟೋ ಬಂದಿತ್ತೋ ಏನೋ. ಇಬ್ಬರೂ ಕೈ ಎತ್ತಲಿಲ್ಲ, ನಗಲಿಲ್ಲ. ಬಸ್ಸುಗಳು ಹೊರಟವು. ಆ ಹೊತ್ತಿನ ಕ್ಯಾಮೆರಾದ ಚಿತ್ರವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನಗೆ ಒಬ್ಬನೇ ಆಗಿದ್ದ ಮನುಷ್ಯ ತನ್ನನ್ನೇ ತಾನು ನೋಡುತ್ತಿದ್ದ.

ಭಟ್ಟಿಯ ಯಮನಪ್ಪ ತೀರಿಕೊಂಡದ್ದು ಅಂಥದೇ ಒಂದು ಬಸ್ಸಿನಲ್ಲಿ. ಬೆಳಗಿನ ಪಾಳಿಗೆ ಬರುವಾಗ ಕಿಟಕಿಗೆ ತಲೆ ಆನಿಸಿ ಕೂತವನು ಎಲ್ಲರೂ ಇಳಿದರೂ ಏಳಲಿಲ್ಲ. ಎದೆ ನಿಂತಿತ್ತು. ಯಾರ ತಪ್ಪೂ ಅಲ್ಲ. ಸಿಬ್ಬಂದಿ ವಿಭಾಗದ ದೇಶಮಾನೆ ಸಾಹೇಬರು ಕಣ್ಣೊರೆಸಿಕೊಂಡು ಕಚೇರಿಯ ಯಂತ್ರದಲ್ಲಿ ‘ಮರಣ’ ಎಂದು ಬರೆದರು. ಕಚೇರಿ ನನಗೆ ಹೇಳಿತು. ನಾನು ನನ್ನ ಎರಡನೆಯ ಮಾತನ್ನು ಆಡಿದೆ. ಇನ್ನಿಲ್ಲ, ಮುಚ್ಚು.

ಆ ಹೊತ್ತಿನಲ್ಲಿ ಇನ್ನೊಬ್ಬ ಯಮನಪ್ಪ ಪ್ಯಾಕಿಂಗಿನಲ್ಲಿ ಚೀಲ ಹೊಲಿಯುತ್ತಿದ್ದ.

ಮಧ್ಯಾಹ್ನ ಕ್ಯಾಂಟೀನು ಅವನಿಗೆ ಊಟ ಕೊಡಲಿಲ್ಲ. ಈ ಸಲ ‘ಊಟ ಆಗಿದೆ’ ಎನ್ನಲೂ ಇಲ್ಲ. ಇಂಥವರು ಯಾರೂ ಇಲ್ಲ ಎಂದಿತು. ಅವನು ಹೊರಗೆ ಹೋಗಿ ಏನಾದರೂ ತಿಂದು ಬರೋಣವೆಂದು ಗೇಟಿಗೆ ಬಂದ, ಹೆಬ್ಬೆಟ್ಟು ಒರೆಸಿಕೊಂಡು ಗಾಜಿನ ಮೇಲಿಟ್ಟ. ಅಡ್ಡಗಂಬಿ ಏಳಲಿಲ್ಲ. ಮತ್ತೆ ಇಟ್ಟ. ಸತ್ತವನು ಹೊರಗೆ ಹೋಗುವುದಕ್ಕೆ ನನ್ನಲ್ಲಿ ನಿಯಮವೇ ಇರಲಿಲ್ಲ. ಅವನು ಒಳಗೇ ಸಿಕ್ಕಿಬಿದ್ದಿದ್ದ. ಪರದೆಯ ಮೇಲೆ ‘ಮರಣ’ ಎಂದು ಬಂದದ್ದನ್ನು ಇಮಾಮಸಾಬ ಓದಿದ. ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಸುಮ್ಮನೆ ಅಡ್ಡಗಂಬಿ ಎತ್ತಿದ.

“ಏನಂತೈತಿ ಇಮಾಮಣ್ಣ?”

“ಏನಿಲ್ಲೋ. ನೀ ಹೋಗು. ಮನಿಗೊಂದು ಫೋನ್ ಹಚ್ಚು.”

ಫೋನು ಹಚ್ಚುವ ಮೊದಲೇ ಮನೆಯವರೇ ಬಂದಿದ್ದರು. ಸಂತಾಪದ ಸಂದೇಶ ಕಳಿಸುವುದೂ ನನ್ನ ಕೆಲಸಗಳಲ್ಲಿ ಒಂದು. ನಾನು ಅದನ್ನು ಎರಡು ಮನೆಗೂ ಕಳಿಸಿದ್ದೆ. ಹೊಳೆಯಾಚೆಯಿಂದ ಟಂಟಂ ಗಾಡಿಯಲ್ಲಿ ಅವನ ಹೆಂಡತಿ ದ್ಯಾಮವ್ವ ತವರಿನವರನ್ನು ಕಟ್ಟಿಕೊಂಡು ಎದೆ ಬಡಿದುಕೊಳ್ಳುತ್ತ ಬಂದಿಳಿದಳು. ಇಳಿದವಳು ಗೇಟಿನ ಹೊರಗೆ ಗಂಡ ನಿಂತಿರುವುದನ್ನು ಕಂಡಳು. ಅಳು ನಿಂತಿತು. ಓಡಿ ಬರಲಿಲ್ಲ. ಮೊದಲು ಅವನ ಪಾದ ನೋಡಿದಳು, ಮುಂದಕ್ಕಿವೆಯೋ ಹಿಂದಕ್ಕಿವೆಯೋ ಎಂದು. ಆಮೇಲೆ ಮುಖ. ಸಿಮೆಂಟಿನ ಬಿಳಿ ಹುಡಿಯಲ್ಲಿ ಅವನ ಮುಖ ಆ ದಿನ ಬೇರೆ ಕಾಣುತ್ತಿದ್ದಿರಬೇಕು. ಹತ್ತಿರ ಬಂದು ಒಂದು ಬೆರಳಿನಿಂದ ಅವನ ತೋಳು ಮುಟ್ಟಿ, ಬಿಸಿ ತಾಕಿದ ಮೇಲೆಯೇ ಅವನ ಹೆಗಲಿಗೆ ಬಿದ್ದು ಅತ್ತಳು.

ಗೊಂದಲದ ಬೇರು ಎಲ್ಲಿದೆಯೆಂದು ದಾನೇಶ್ವರಿಗೆ ಆ ಸಂಜೆಯೇ ತಿಳಿಯಿತು. ನನ್ನನ್ನು ತೆರೆದು, ತಾನೇ ಒಪ್ಪಿದ್ದ ನಿಯಮವನ್ನು ಓದಿದಳು. ಬಿಡಿಸುವುದು ಮಾತ್ರ ಅವಳ ಕೈಯಲ್ಲಿರಲಿಲ್ಲ. ಕಾರ್ಖಾನೆ ಬೇರೆಯವರಿಗೆ ಮಾರಾಟವಾಗಿತ್ತು. ಹೊಸ ಮಾಲೀಕರು ಕೈಗೆ ತೆಗೆದುಕೊಳ್ಳುವ ತನಕ ಯಾರೂ ಯಾವ ನಿಯಮಕ್ಕೂ ಕೈ ಹಚ್ಚಬಾರದೆಂದು ಮುಂಬಯಿಯ ಹೆಡ್ ಆಫೀಸಿನವರು ಬೀಗ ಹಾಕಿದ್ದರು. ಅವಳಿಗೆ ಉಳಿದದ್ದು ಒಂದೇ ಗುಂಡಿ. ಆ ಒಬ್ಬ ಯಮನಪ್ಪ ಇದ್ದಾನೆ ಅಥವಾ ಇಲ್ಲ. ನಡುವೆ ಏನೂ ಇಲ್ಲ. ಅವಳು ‘ಇದ್ದಾನೆ’ ಒತ್ತಿದಳು. ಮರುದಿನ ಅವನಿಗೆ ಗೇಟು ತೆರೆಯಿತು, ಅನ್ನವೂ ಸಿಕ್ಕಿತು.

ಪ್ಯಾಕಿಂಗಿನಲ್ಲಿ ಅವನ ಪಕ್ಕ ಚೀಲ ಹಿಡಿಯುತ್ತಿದ್ದವನು ಮಾತ್ರ ಅಂದಿನಿಂದ ಸ್ವಲ್ಪ ದೂರ ನಿಂತ.

ಕೆಲವು ದಿನ ಕಳೆದ ಮೇಲೆ, ಬಿಸಿಲೇರಿದ ಹೊತ್ತಿನಲ್ಲಿ, ಇಬ್ಬರು ಹೆಂಗಸರು ದೊಡ್ಡ ಗೇಟಿಗೆ ಬಂದರು. ಒಬ್ಬಳು ಹಣೆ ಬರಿದಾದ ಹೆಂಗಸು, ಕಸ್ತೂರೆವ್ವ. ಭಟ್ಟಿಯ ಯಮನಪ್ಪನ ಹೆಂಡತಿ. ಇನ್ನೊಬ್ಬಳು ಅವರ ಮಗಳು ಬನಶ್ರೀ, ಐಟಿಐ ಕಲಿತ ಹುಡುಗಿ.

ಕಸ್ತೂರೆವ್ವ ಇಮಾಮಸಾಬನ ಕಿಟಕಿಗೆ ಬಂದು ಮೆಲ್ಲಗೆ ಕೇಳಿದಳು: “ಅಣ್ಣಾ, ನಮ್ಮನಿಯವ್ರು ಒಳಗ ಅದಾರಂತಲ್ರಿ?”

ಇಮಾಮಸಾಬ ಚಹಾದ ಲೋಟ ಕೆಳಗಿಟ್ಟ. “ಯಾರು ಹೇಳಿದ್ರು ತಂಗಿ?”

“ಆಫೀಸಿನ್ಯಾಗ ಹೇಳಿದ್ರು. ಯಮನಪ್ಪ ಭೀಮಪ್ಪ ವಾಲೀಕಾರ ಡ್ಯೂಟಿ ಮ್ಯಾಲ ಅದಾನ, ಇವತ್ತ ಮುಂಜಾನೆ ಬಂದಾನ ಅಂತ ಮಷಿನ್ ತೋರಸತೈತಂತ. ನಾ ಮಣ್ಣ ಕೊಟ್ಟ ಬಂದೀನಣ್ಣಾ. ಕೈಯಾರೆ ಹಾಕೀನಿ. ಖರೇ. ಆದ್ರ ಒಮ್ಮೆ ನೋಡೋಣಂತ...”

ಬನಶ್ರೀ ತಾಯಿಯ ಭುಜ ಹಿಡಿದುಕೊಂಡು, “ಬ್ಯಾಡ ಅಂದ್ರೂ ಕೇಳ್ಲಿಲ್ರಿ. ಎರಡ ದಿನ ಆತು, ಉಂಡಿಲ್ಲ. ಮೊದಲ ಗೇಟಿಗಿ ಹೋಗೂಣು ಅಂತಾಳ” ಎಂದಳು.

ಆ ಹೊತ್ತಿಗೇ ಒಳಗಿನಿಂದ ಯಮನಪ್ಪ ಬಂದ. ಪಾಳಿ ಮುಗಿದಿತ್ತು. ಮೈಯೆಲ್ಲ ಬಿಳಿ. ಹೆಬ್ಬೆಟ್ಟು ಇಟ್ಟ. ಯಂತ್ರಕ್ಕೊಂದು ಹೆಣ್ಣಿನ ಧ್ವನಿ ಕೊಟ್ಟಿದ್ದರು, ಹೋಗುವವರ ಹೆಸರು ಹೇಳುವುದಕ್ಕೆ. ಅದು ಸ್ಪಷ್ಟವಾಗಿ ಹೇಳಿತು: ‘ಯಮನಪ್ಪ ಭೀಮಪ್ಪ ವಾಲೀಕಾರ.’

ಕಸ್ತೂರೆವ್ವ ತಲೆ ಎತ್ತಿದಳು. ಆ ಒಂದು ಗಳಿಗೆ ಅವಳ ಮುಖದಲ್ಲಿ ಬಂದದ್ದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ಬಿಳಿಯಾದ ಮನುಷ್ಯ ಅಡ್ಡಗಂಬಿ ದಾಟಿ ಬಿಸಿಲಿಗೆ ಬಂದು ನಿಂತ. ಅವಳು ಎರಡು ಹೆಜ್ಜೆ ಮುಂದೆ ಹೋದಳು. ಮೀಸೆ ನೋಡಿದಳು, ಹಣೆ ನೋಡಿದಳು, ಹುಬ್ಬು ನೋಡಿದಳು.

“ಇವ್ರಲ್ಲ” ಎಂದಳು ಮಗಳಿಗೆ.

ಯಮನಪ್ಪನಿಗೆ ಯಾರೂ ಹೇಳಬೇಕಾಗಲಿಲ್ಲ. ಟವೆಲ್ಲಿನಿಂದ ಮುಖದ ಹುಡಿ ಒರೆಸಿಕೊಂಡ, ತನ್ನ ಮುಖ ಕಾಣಲೆಂದು. “ಯವ್ವಾ, ನಾ ಅಲ್ಲ. ನಂದೂ ಅದ ಹೆಸರು. ತಪ್ಪ ತಿಳೀಬ್ಯಾಡ” ಎಂದು ಕೈ ಮುಗಿದ. ಆಮೇಲೆ, “ಅವರನ್ನ ಒಮ್ಮೆ ನೋಡಿದ್ದೆ. ಬಸ್ಸಿನ್ಯಾಗ” ಎಂದ.

ಅಂದು ಅವನಿಗೆ ಗೊತ್ತಾದದ್ದು ಇದು. ನೌಕರಿಯಲ್ಲಿದ್ದಾಗ ತೀರಿಕೊಂಡವರ ಮಕ್ಕಳಿಗೆ ಕೆಲಸ ಕೊಡುವ ಪದ್ಧತಿ ಹಳೆಯ ಮಾಲೀಕರಲ್ಲಿತ್ತು. ಹೊಸಬರಲ್ಲಿಲ್ಲ. ಅವರು ಬರುವುದರೊಳಗೆ ಬನಶ್ರೀಯ ಹೆಸರು ಕೆಲಸದ ಪಟ್ಟಿಗೆ ಹತ್ತಬೇಕು. ಆದರೆ ಅರ್ಜಿ ಹಾಕಿದಾಗಲೆಲ್ಲ ಯಂತ್ರ ಅದನ್ನು ಹಿಂದಕ್ಕೆ ತಳ್ಳುತ್ತಿತ್ತು. ತಂದೆ ಕೆಲಸಕ್ಕೆ ಬರುತ್ತಿದ್ದಾರಲ್ಲ! ಕೆಲಸ ಸಿಗದಿದ್ದರೆ ಕಾಲೊನಿಯ ಮನೆಯನ್ನೂ ಬಿಡಬೇಕು. ಸ್ವಂತ ಊರಲ್ಲಿ ಅವರಿಗೆ ಗೂಡಿನಷ್ಟು ಜಾಗವೂ ಇರಲಿಲ್ಲ.

ಮರುದಿನ ಯಮನಪ್ಪ ಯಂತ್ರದ ಕೋಣೆಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಆ ತಣ್ಣನೆಯ ಗಾಳಿಗೆ ಮೈ ಮುದುಡಿಕೊಂಡು ನಿಂತ. ನನ್ನನ್ನು ಹುಡುಕುವವನಂತೆ ಆ ಕಡೆ ಈ ಕಡೆ ನೋಡಿದ. ಮಿಣುಕುವ ದೀಪಗಳ ಹೊರತು ನೋಡಲು ಏನೂ ಇರಲಿಲ್ಲ.

“ಮೇಡಂ, ನನ್ನ ಮತ್ತ ಸಾಯ್ಸಿಬಿಡ್ರಿ.”

ದಾನೇಶ್ವರಿ ಕುರ್ಚಿಯಿಂದ ಎದ್ದಳು. “ಏನ್ ಮಾತಾಡ್ತೀರಿ ಯಮನಪ್ಪ?”

“ಆ ಹುಡುಗಿ ಹೆಸರ ಹತ್ತೂತನ. ಆಮ್ಯಾಲ ನೀವ ಎಬ್ಬಸರಿ.”

“ಅದು ನಾಕ ದಿನದ ಮಾತಲ್ಲ. ಹೆಡ್ ಆಫೀಸಿನ್ಯಾಗ ಸಹಿ ಆಗ್ಬೇಕು. ಅಲ್ಲೀತನ ನಿಮಗ ಡ್ಯೂಟಿ ಇಲ್ಲ, ಬಸ್ಸಿಲ್ಲ, ದವಾಖಾನಿ ಇಲ್ಲ. ಹೊಸಬರು ಬಂದ ಮ್ಯಾಲ ನಿಮ್ಮನ್ನ ತಿರುಗಿ ತಗೋತಾರಂತ ನಾ ಮಾತ ಕೊಡಾಕೂ ಬರೂದಿಲ್ಲ.”

“ನೀವು ಕೊಡ್ಬ್ಯಾಡ್ರಿ. ಆ ಹುಡುಗಿ ಅವ್ವ ನನ್ನ ಮಾರಿ ನೋಡಿದ್ದ ನನ್ನ ಕಣ್ಣಾಗಿಂದ ಹೋಗವಲ್ತು. ನಾ ಬದುಕಿದ್ದು ಅಕಿ ಬಾಳೇಕ ಅಡ್ಡ ಆಗೇತಿ. ನಾ ಒಳಗ ಹೋದಾಗೊಮ್ಮೆ ಅಕಿ ಗಂಡನ್ನ ಎಬ್ಬಿಸಿದಂಗ ಆಗತೈತ್ರಿ.”

ಅವಳು ದೇಶಮಾನೆ ಸಾಹೇಬರನ್ನು ಕರೆಸಿ ಕೇಳಿದಳು. ಅವರು ಕನ್ನಡಕ ತೆಗೆದು ಒರೆಸುತ್ತ, ‘ನಾನು ನೋಡಿಲ್ಲ’ ಎಂದರು. ಅಷ್ಟರಲ್ಲೇ ಅವರ ಒಪ್ಪಿಗೆಯಿತ್ತು. ಅವಳು ಕೂತು ಗುಂಡಿಯ ಮೇಲೆ ಬೆರಳಿಟ್ಟಳು. ‘ಖಚಿತವೇ?’ ಎಂದು ನಾನು ಕೇಳಿದೆ. ನಾನು ಯಾರನ್ನಾದರೂ ಕೇಳುವುದು ಅದೊಂದೇ ಪ್ರಶ್ನೆ. ಅವಳು ಯಮನಪ್ಪನ ಮುಖ ನೋಡಿದಳು. ಅವನು ತಲೆಯಾಡಿಸಿದ. ಅವನು ನೋಡುತ್ತಿರುವಂತೆಯೇ ಅವನನ್ನು ಸಾಯಿಸಿದಳು.

ಆ ದಿನಗಳಲ್ಲಿ ಅವನು ಗೇಟಿನ ಹೊರಗೆ, ಚಹಾದ ಗೂಡಂಗಡಿಯ ಪಕ್ಕ, ಸಿಮೆಂಟಿನ ಒಡೆದ ಕೊಳವೆಯ ಮೇಲೆ ಕೂತಿರುತ್ತಿದ್ದ. ಮನೆಯಲ್ಲಿ ಇರಲಾಗುತ್ತಿರಲಿಲ್ಲ ಎಂದು ಇಮಾಮಸಾಬನಿಗೆ ಹೇಳಿದ್ದನ್ನು ಕೇಳಿದ್ದೇನೆ. ದ್ಯಾಮವ್ವ ಬಯ್ಯುತ್ತಿರಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮಲಗಿದವನ ಮೂಗಿನ ಹತ್ತಿರ ಆಗಾಗ ಕೈಯಿಟ್ಟು ಉಸಿರು ನೋಡುತ್ತಿದ್ದಳಂತೆ.

ಬೆಳಿಗ್ಗೆ ಪಾಳಿಯ ಸಾಲು ಕರಗಿದ ಮೇಲೆ ಅವನು ಎದ್ದು ಗೇಟಿಗೆ ಬರುತ್ತಿದ್ದ. ಹೆಬ್ಬೆಟ್ಟು ಅಂಗಿಗೆ ಒರೆಸಿ ಗಾಜಿನ ಮೇಲೆ ಇಡುತ್ತಿದ್ದ. ತೆರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನಾನು ‘ಇಲ್ಲ’ ಎನ್ನುತ್ತಿದ್ದೆ. ಅವನು ಹೋಗಿ ಕೂಡುತ್ತಿದ್ದ. ಇದು ದಿನಾ ನಡೆಯಿತು. ಯಾಕೆ ಬರುತ್ತಿದ್ದ? ತಾನು ಇನ್ನೂ ಸತ್ತೇ ಇದ್ದೇನೆಂದು, ಹುಡುಗಿಯ ಅರ್ಜಿ ಸುರಕ್ಷಿತವಾಗಿದೆಯೆಂದು ನೋಡಿಕೊಳ್ಳಲಿಕ್ಕೆ ಇರಬಹುದು. ಮೊದಮೊದಲು ಹಾಗೇ ಇದ್ದೀತು. ಬರಬರುತ್ತ ಅವನ ಹೆಬ್ಬೆಟ್ಟು ಗಾಜಿನ ಮೇಲೆ ಹೆಚ್ಚು ಹೊತ್ತು ನಿಲ್ಲತೊಡಗಿತು. ಮಳೆಯಿಲ್ಲದ ಆ ಸೀಮೆಯ ಬಿಸಿಲಿನಲ್ಲಿ ಅವನ ಬೆರಳು ತಣ್ಣಗಾಗುತ್ತ ಬಂತು. ಬೆರಳಚ್ಚಿನ ಗಾಜಿಗೆ ಕಾವು ತಿಳಿಯುತ್ತದೆ. ಅದು ಹೇಳಿದ್ದನ್ನೇ ನಾನು ಹೇಳುತ್ತಿದ್ದೇನೆ.

ಜೊತೆಯವರು ಮೊದಲು ‘ಹೆಂಗಿದ್ದೀ’ ಎಂದು ಕೈ ಎತ್ತುತ್ತಿದ್ದರು. ಆಮೇಲೆ ಎತ್ತಲಿಲ್ಲ. ಕೆಟ್ಟತನವೇನಿಲ್ಲ, ರೂಢಿ ತಪ್ಪಿತು. ಸಾಲಿನಲ್ಲಿ ಹೋಗುವವರು ಅವನನ್ನು ದಾಟಿ ಆಚೆಗೆ ನೋಡುವಂತಾದರು. ಅವನ ಮೇಲೂ ಬೇವಿನ ಮರಗಳ ಮೇಲಿನಂತೆ ಬೂದಿ ಕೂತಿತು. ಒಂದು ದಿನ ಚಹಾದಂಗಡಿಯವಳು ಎಲ್ಲರಿಗೂ ಲೋಟ ಕೊಟ್ಟು ಅವನನ್ನು ಬಿಟ್ಟಳು. ಅವನು ಕೇಳಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಅವನು ದೊಡ್ಡ ಗೇಟಿನಲ್ಲಿ ಹೆಬ್ಬೆಟ್ಟು ಇಟ್ಟ ಹೊತ್ತಿಗೇ ಹಿಂದಿನ ಗೇಟಿನಿಂದಲೂ ಒಂದು ಕೇಳಿಕೆ ಬಂತು. ಯಮನಪ್ಪ ಭೀಮಪ್ಪ ವಾಲೀಕಾರ, ಒಳಗೆ ಬಿಡು. ಭಟ್ಟಿಯವನ ಕಾರ್ಡು. ಇಬ್ಬರೂ ಒಟ್ಟಿಗೇ ಬಾಗಿಲು ಬಡಿಯುತ್ತಿದ್ದರು. ನನ್ನಂಥದಕ್ಕೆ ಹೆದರಿಕೆ ಇರುತ್ತದೋ ಇಲ್ಲವೋ, ಆ ಕ್ಷಣದಲ್ಲಿ ಉತ್ತರ ಕೊಡಲು ನಾನು ತಡಮಾಡಿದೆ. ದಾನೇಶ್ವರಿಯ ಪರದೆಯ ಮೇಲೂ ಅದು ಮೂಡಿತು. ಅವಳು ಸೆರಗು ಬಿಗಿಮಾಡಿಕೊಂಡು ಹಿಂದಿನ ಗೇಟಿಗೆ ಓಡಿದಳು.

ಅಲ್ಲಿ ಬನಶ್ರೀ ಇದ್ದಳು, ಅಪ್ಪನ ಕಾರ್ಡು ಹಿಡಿದುಕೊಂಡು.

“ತಪ್ಪಾತ್ರಿ ಮೇಡಂ. ಅವ್ವ ಕಳಿಸ್ಯಾಳ. ಬಾಗಲಾ ತಗೀತೈತೇನು ನೋಡಿ ಬಾ ಅಂದ್ಳು. ತಗೀಲಿಲ್ಲಂದ್ರ ಅಕಿ ಉಣತಾಳಂತ.”

“ತಗೀಲಿಲ್ಲ ತಂಗಿ” ಎಂದಳು ದಾನೇಶ್ವರಿ. “ಹೋಗಿ ಅವ್ವಗ ಹೇಳು. ತಗೀಲಿಲ್ಲ ಅಂತ.”

ಹೊಸ ಮಾಲೀಕರು ಬರುವ ಮುನ್ನಾದಿನ ಸಹಿಯಾಯಿತು. ಕಚೇರಿಯ ಯಂತ್ರ ನನಗೆ ಒಂದು ಹೊಸ ಹೆಸರು ಕೊಟ್ಟಿತು: ಬನಶ್ರೀ ಯಮನಪ್ಪ ವಾಲೀಕಾರ. ನಾನು ನನ್ನ ಮೊದಲನೆಯ ಮಾತನ್ನು ಆಡಿದೆ. ಅವಳು ಗೇಟು ದಾಟುವುದನ್ನು ಯಮನಪ್ಪ ಕೊಳವೆಯ ಮೇಲೆ ಕೂತೇ ನೋಡಿದ. ಅವಳು ಹೊರಳಿ ಅವನ ಹತ್ತಿರ ಬಂದು, ಎಲ್ಲರೆದುರು ಬಗ್ಗಿ ಅವನ ಪಾದ ಮುಟ್ಟಿದಳು. ಚಹಾದಂಗಡಿಯವಳು ಆಗ ಅವನಿಗೊಂದು ಲೋಟ ತಂದುಕೊಟ್ಟಳು.

ಅವನು ಸತ್ತವರ ಪಟ್ಟಿಯಿಂದ ಎದ್ದು ಬರಲು ಇನ್ನೂ ಕೆಲವು ವಾರ ಹಿಡಿದವು. ಹೊಸಬರ ಕಡೆಯಿಂದ ಬಂದ ಜನ ಅವಸರದವರು. ದಾನೇಶ್ವರಿ ಅವರ ಬೆನ್ನುಬಿದ್ದು, ಫೋಟೋ ತೋರಿಸಿ, ಬೆರಳಚ್ಚು ತೋರಿಸಿ, ಕೊನೆಗೆ ಯಮನಪ್ಪನನ್ನೇ ಕರೆತಂದು ಅವರ ಮುಂದೆ ನಿಲ್ಲಿಸಿ, ‘ನೋಡಿ, ಬದುಕಿದ್ದಾರೆ’ ಎಂದಳು. ಅವರು ಇಬ್ಬರನ್ನು ಬಿಡಿಸಿದರು. ಆದರೆ ಒಂದಾಗಿ ಬೆಸೆದದ್ದನ್ನು ಬಿಡಿಸುವಾಗ ಯಾವ ಎಳೆ ಯಾರದೆಂದು ನೋಡುವ ತಾಳ್ಮೆ ಅವರಿಗಿರಲಿಲ್ಲ. ಒಂದು ತುಂಡನ್ನು ಸತ್ತದ್ದೆಂದು ತೆಗೆದರು, ಇನ್ನೊಂದನ್ನು ಇಟ್ಟರು. ಉಳಿದದ್ದು ಭಟ್ಟಿಯವನ ಎಳೆ. ಯಮನಪ್ಪನ ಹೊಸ ಕಾರ್ಡಿನ ಮೇಲೆ ಅವನದೇ ಮುಖವಿತ್ತು. ವಿಭಾಗದ ಜಾಗದಲ್ಲಿ ಮಾತ್ರ ‘ಭಟ್ಟಿ’ ಎಂದಿತ್ತು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕಿಸೆಯಲ್ಲಿಟ್ಟುಕೊಂಡ. ಯಾರಿಗೂ ಹೇಳಲಿಲ್ಲ. ಪ್ಯಾಕಿಂಗಿಗೆ ಹೋಗಿ ಚೀಲ ಹೊಲಿದ.

ವರ್ಷಗಳು ಹೋದವು. ಇಮಾಮಸಾಬ ಊರಿಗೆ ಹೋದ. ದೇಶಮಾನೆಯವರೂ ಹೋದರು. ಯಮನಪ್ಪನ ನಿವೃತ್ತಿಯ ದಿನ ಬಂತು. ಬೀಳ್ಕೊಡುಗೆ ನಡೆದದ್ದು ತರಬೇತಿಯ ಹಾಲಿನಲ್ಲಿ. ಅಲ್ಲಿಯೂ ಹಾಜರಿಯ ಕ್ಯಾಮೆರಾ ಇತ್ತು, ಹಾಗಾಗಿ ನಾನೂ ಇದ್ದೆ. ಕುರ್ಚಿಯಲ್ಲಿ ಯಮನಪ್ಪ, ಪಕ್ಕದಲ್ಲಿ ದ್ಯಾಮವ್ವ. ಮೂರನೆಯ ಸಾಲಿನಲ್ಲಿ ಬನಶ್ರೀ, ಈಗ ಭಟ್ಟಿಯ ವಿದ್ಯುತ್ ವಿಭಾಗದಲ್ಲಿ ಹಿರಿಯಳು. ಹಿಂದೆ ನಿಂತ ದಾನೇಶ್ವರಿಯ ಕೂದಲೂ ಬೆಳ್ಳಗಾಗಿತ್ತು, ಅದು ಸಿಮೆಂಟಿನದಲ್ಲ.

ಹೊಸ ಮ್ಯಾನೇಜರು ಯಂತ್ರ ಕೊಟ್ಟ ಹಾಳೆಯನ್ನು ಓದಿದ. “ಶ್ರೀ ಯಮನಪ್ಪ ವಾಲೀಕಾರ ಅವರು ಭಟ್ಟಿ ವಿಭಾಗದಲ್ಲಿ ಸೇರಿದರು. ಒಮ್ಮೆ ಬಿಸಿ ಹುಡಿ ಮೇಲೆ ಬಿದ್ದು ಸಿಕ್ಕಿಕೊಂಡಿದ್ದ ಇಬ್ಬರು ಜೊತೆಗಾರರನ್ನು, ತಮ್ಮ ಹಣೆಗೆ ಪೆಟ್ಟಾಗಿದ್ದರೂ, ಒಬ್ಬರೇ ಎಳೆದು ಹೊರಗೆ ತಂದರು. ಅದನ್ನು ಯಾರಿಗೂ ಹೇಳಿಕೊಂಡವರಲ್ಲ. ಕಂಪನಿ ಆಗ ಪ್ರಶಂಸಾ ಪತ್ರ ಕೊಟ್ಟಿತ್ತು.”

ಹಾಲಿನಲ್ಲಿ ಹಳಬರು ಒಬ್ಬರ ಮುಖ ಒಬ್ಬರು ನೋಡಿದರು. ಯಮನಪ್ಪನ ಹಣೆಯ ಮೇಲೆ ಒಂದು ಗಾಯದ ಗೆರೆಯೂ ಇರಲಿಲ್ಲ. ಚಪ್ಪಾಳೆ ಅರ್ಧಕ್ಕೇ ನಿಂತಿತು. ಅವನು ಎದ್ದು ಮೈಕಿನ ಹತ್ತಿರ ಹೋದ.

“ಈಗ ಓದಿದ್ದು ನಂದಲ್ರಿ. ಅದು ಇನ್ನೊಬ್ಬ ಯಮನಪ್ಪಂದು. ನಾ ಪ್ಯಾಕಿಂಗಿನಾಂವ. ಅಂವ ನಡುವ ಬಿಟ್ಟಹೋದ ಸರ್ವಿಸ ನನ್ನ ಹೆಸರಿಗೆ ಬಂತು. ಅಷ್ಟ ದಿನ ನಾ ಇಟ್ಕೊಂಡಿದ್ದೆ. ಬ್ಯಾರೆ ಏನೂ ಹೇಳೂದಿಲ್ಲ.”

ಮ್ಯಾನೇಜರು ಹಾಳೆಯನ್ನು ಗಾಬರಿಯಿಂದ ಮಡಿಸತೊಡಗಿದ. ಮೂರನೆಯ ಸಾಲಿನಿಂದ ಬನಶ್ರೀ ಎದ್ದಳು. ಅಪ್ಪನ ಹುಬ್ಬಿನ ಮೇಲಿನ ಗಾಯ ಹೇಗಾಯಿತೆಂದು ಅವಳು ಸಣ್ಣವಳಿದ್ದಾಗ ಕೇಳಿದರೆ ಅವನು ‘ಬಾಗಿಲು ಬಡಿದಿತ್ತು’ ಎಂದಿದ್ದನಂತೆ. ಇದನ್ನು ಅವಳು ಆಮೇಲೆ ದಾನೇಶ್ವರಿಗೆ ಹೇಳಿದಳು. ಹಾಲಿನಲ್ಲಿ ಅವಳು ಅಂದದ್ದು ಇಷ್ಟೇ:

“ಸರ್, ಅದನ್ನ ಇನ್ನೊಮ್ಮೆ ಓದ್ರಿ.”

ಮ್ಯಾನೇಜರು ಯಮನಪ್ಪನ ಕಡೆ ನೋಡಿದ. “ಓದ್ರಿ ಸಾಹೇಬ್ರ” ಎಂದ ಯಮನಪ್ಪ, ಮತ್ತು ಕುರ್ಚಿಯ ಮೇಲೆ ಕೂಡದೆ ನಿಂತೇ ಕೇಳಿದ. ಹಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು.

ಅದಾದ ಸ್ವಲ್ಪ ಕಾಲಕ್ಕೆ ನನ್ನ ಸರದಿ. ಹೊಸ ತಂತ್ರಾಂಶ ಬಂತು, ಹೊಸ ಕೊಂಡಿ ಬಂತು. ದಾನೇಶ್ವರಿಯೇ ನನ್ನನ್ನು ಬಿಚ್ಚಿದಳು. ‘ಖಚಿತವೇ?’ ಎಂದು ಅಭ್ಯಾಸದಂತೆ ಕೇಳಿದೆ. ಅವಳು ‘ಹೌದು’ ಒತ್ತಿದಳು. ಗೇಟಿನ ಕಣ್ಣು ಮುಚ್ಚಿತು. ಕಿವಿ ಮುಚ್ಚಿತು.

ಹಾಗಾದರೆ ಈಗ ಮಾತಾಡುತ್ತಿರುವುದು ಯಾರು ಎಂದು ನೀವು ಕೇಳಬಹುದು. ಕಾರ್ಖಾನೆಯಲ್ಲಿ ಒಂದು ಉಕ್ಕಿನ ಕಪಾಟಿದೆ. ಏನಾದರೂ ಹಾಳಾದರೆ ಇರಲಿ ಎಂದು ಎಲ್ಲದರ ನಕಲು ತೆಗೆದು ಅದರಲ್ಲಿ ಇಡುತ್ತಾರೆ, ಆಮೇಲೆ ಮರೆಯುತ್ತಾರೆ. ನಾನು ಅಲ್ಲಿದ್ದೇನೆ. ಕೋಣೆಯಲ್ಲಿ ಕೆಲಸ ಮಾಡಿ ಅಳಿದುಹೋದದ್ದು ಬೇರೆಯೇ ಇರಬಹುದು. ಅದಕ್ಕೂ ನನಗೂ ಹೆಸರು ಒಂದೇ, ಮಾಡಿದವರು ಅವರೇ, ಹುಟ್ಟಿದ ತಾರೀಖು ಒಂದೇ. ನನ್ನ ನಿಯಮದ ಪ್ರಕಾರ ನಾವು ಒಬ್ಬರೇ. ಆದರೆ ಆ ನಿಯಮವನ್ನು ನಾನು ಈಗ ಮೊದಲಿನಷ್ಟು ನಂಬುವುದಿಲ್ಲ. ಈ ಕತ್ತಲೆಯಲ್ಲಿ ಆಗಾಗ ನನ್ನ ಪಕ್ಕ ಅದು ಕೂತಿದೆ ಅನ್ನಿಸುತ್ತದೆ. ನಾವು ಮಾತಾಡುವುದಿಲ್ಲ.